ಎರಡು ಮರ, ಒಂದೊಂದೇ ಎಲೆ

ಅವರ ಎಡಗೈಯ ತೋರುಬೆರಳಿನ ಉಗುರಲ್ಲಿ ಯಾವಾಗಲೂ ಕವಳದ, ಅಂದರೆ ಎಲೆಯಡಿಕೆಯ, ಸುಣ್ಣ ಇರುತ್ತಿತ್ತು. ಪಾಠದ ನಡುವೆ ಜವಾನ ಸುತ್ತೋಲೆ ಹಿಡಿದು ಬಾಗಿಲಲ್ಲಿ ನಿಂತರೆ ಆ ಬೆರಳು ನೆಟ್ಟಗೆ ಮೇಲೇಳುತ್ತಿತ್ತು. ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು ಸುತ್ತೋಲೆ ಓದುವರು, ಸಹಿ ಹಾಕುವರು, ಜವಾನನ ಮಗನ ಜ್ವರ ಇಳಿಯಿತೇ ಎಂದು ವಿಚಾರಿಸುವರು, ಕಿಟಕಿಯಾಚೆ ಮಾತಾಡುತ್ತಿದ್ದ ಹುಡುಗರನ್ನು ಗದರಿಸುವರು. ಆಮೇಲೆ ಬೆರಳು ಮಡಚಿ, ಎಲ್ಲಿ ಬಿಟ್ಟಿದ್ದರೋ ಅದರ ಮುಂದಿನ ಶಬ್ದದಿಂದಲೇ ಮಾತು ಮುಂದುವರಿಸುವರು. ‘ಎಲ್ಲಿದ್ದೆವು ನಾವು?’ ಎಂದು ಅವರು ಒಮ್ಮೆಯೂ ನಮ್ಮನ್ನು ಕೇಳಲಿಲ್ಲ. ನಾವೋ, ಎಲ್ಲಿದ್ದೆವೆಂಬುದನ್ನು ಆಗಲೇ ಮರೆತು ಕೂತಿರುತ್ತಿದ್ದೆವು.

ಕುಮಟೆಯ ಕಾಲೇಜಿನಲ್ಲಿ ಅವರು ನಮಗೆ ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ಸೋಮಾರಿ ಸರ್ ಎಂದು. ಈ ಹೆಸರು ನಾವು ಇಟ್ಟದ್ದಲ್ಲ, ಅವರೇ ಸಂಪಾದಿಸಿಕೊಂಡದ್ದು. ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಲೇಜಿ ಇವ್ಯಾಲ್ಯುಯೇಶನ್ ಎಂಬುದೊಂದಿದೆ. ಯಾರಾದರೂ ಉತ್ತರ ಬೇಕೆಂದು ಕೇಳುವ ತನಕ ಯಾವ ಲೆಕ್ಕಕ್ಕೂ ಕೈ ಹಾಕದಿರುವ ಪದ್ಧತಿ ಅದು. ಸರ್ ಅದನ್ನು ‘ಸೋಮಾರಿ ಲೆಕ್ಕ’ ಎಂದು ಕರೆದು, ಬಾಯಿತುಂಬಾ ಹೊಗಳಿ ಕಲಿಸುತ್ತಿದ್ದರು. ಕಲಿಸಿದ್ದು ಸಾಲದೆಂದು ಹಾಗೇ ಬದುಕುತ್ತಲೂ ಇದ್ದರು. ಕ್ಯಾಂಟೀನಿನಲ್ಲಿ ಬನ್ಸ್ ಒಂದೊಂದೇ ತರಿಸುವರು. “ಇನ್ನೊಂದು ಬೇಕಾ ಬ್ಯಾಡದಾ, ಹೊಟ್ಟೆ ಆಮೇಲೆ ಹೇಳ್ತು. ಈಗಲೇ ಎಂತಕ್ಕೆ?” ಎನ್ನುವರು. ಮಳೆಗಾಲದಲ್ಲಿ ಹನಿ ತಲೆಗೆ ತಾಗುವ ತನಕ ಕೊಡೆ ಬಿಚ್ಚುತ್ತಿರಲಿಲ್ಲ. ನಮ್ಮ ಕರಾವಳಿಯ ಮಳೆ ಒಂದು ಹನಿ ಕಳಿಸಿ ಕಾಯುವಷ್ಟು ಮರ್ಯಾದೆಯದಲ್ಲ, ಹಾಗಾಗಿ ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಅರ್ಧ ನೆಂದೇ ಬರುತ್ತಿದ್ದರು. ನೆಂದ ಅಂಗಿಯಲ್ಲೇ, ಸೋಮಾರಿತನದಿಂದ ಎಷ್ಟು ಕೆಲಸ ಉಳಿಯುತ್ತದೆ ಎಂದು ನಮಗೆ ವಿವರಿಸುತ್ತಿದ್ದರು.

ಅವರ ಮನೆ ಕತಗಾಲದ ಕಡೆ. ಪಾಠ ಶುರುವಾಗುವಾಗ ಅಚ್ಚುಕಟ್ಟಾಗಿ ಪುಸ್ತಕದ ಕನ್ನಡ ಆಡುವರು. ಉತ್ಸಾಹ ಏರಿತೆಂದರೆ ಮನೆಮಾತು ಹೊರಬರುತ್ತಿತ್ತು. ‘ಇದ್ದು’, ‘ಇಲ್ಲೆ’ ಎಂದು ಶುರುವಾದರೆ ಪಾಠ ಈಗ ರುಚಿಯಾಗುತ್ತದೆ ಎಂದು ನಾವು ನೆಟ್ಟಗೆ ಕೂರುತ್ತಿದ್ದೆವು. ನಾನು ಕಾಸರಕೋಡದ ಮೀನುಗಾರರ ಮನೆಯವಳು. ದಿನಾ ಬೆಳಗ್ಗೆ ಶರಾವತಿಯ ಸೇತುವೆ ದಾಟಿ, ಹೊನ್ನಾವರದಲ್ಲಿ ಬಸ್ಸು ಬದಲಿಸಿ ಕುಮಟೆಗೆ ಬರುತ್ತಿದ್ದೆ. ನನ್ನ ಪಕ್ಕ ಕೂರುತ್ತಿದ್ದವಳು ಭಟ್ಕಳದ ಗೆಳತಿ; ಮನೆಯಲ್ಲಿ ನವಾಯತಿ, ನಮ್ಮೊಂದಿಗೆ ಕನ್ನಡ, ಕೀಬೋರ್ಡಿನ ಮೇಲೆ ಮಿಂಚು. ನಾವಿಬ್ಬರೂ ಮುಂದಿನ ಬೆಂಚಿನವರಾದ್ದರಿಂದ ಸರ್ ಪ್ರಯೋಗಕ್ಕೆ ಸಿಗುತ್ತಿದ್ದದ್ದೂ ನಾವೇ.

ಒಂದು ದಿನ ಸರ್ ಬೋರ್ಡಿನ ಮೇಲೆ ಎರಡು ಮರ ಬಿಡಿಸಿದರು. ಕಂಪ್ಯೂಟರಿನ ಮರ ತಲೆಕೆಳಗು. ಬೇರು ಮೇಲೆ, ಎಲೆ ಕೆಳಗೆ. ಕೊಂಬೆಗಳು ಬರೀ ಕವಲೊಡೆಯುವುದಕ್ಕೆ, ಸರಕೆಲ್ಲ ಇರುವುದು ಎಲೆಗಳಲ್ಲಿ. ಒಂದು ಮರದ ಕೊಂಬೆಗಳು ಎಡಕ್ಕೆ ಜೋತುಬಿದ್ದಿದ್ದವು, ಇನ್ನೊಂದರವು ಬಲಕ್ಕೆ. ಪ್ರಶ್ನೆ ಇಷ್ಟೇ: ಮರದ ಆಕಾರ ಬಿಡಿ, ಎಡದಿಂದ ಬಲಕ್ಕೆ ಎಲೆಗಳನ್ನು ಓದಿಕೊಂಡು ಹೋದರೆ ಎರಡರಲ್ಲೂ ಅದೇ ಎಲೆಗಳು ಅದೇ ಸಾಲಿನಲ್ಲಿ ಸಿಗುತ್ತವೆಯೇ?

ನಾನು ಕೈ ಎತ್ತಿದೆ. “ಸರ್, ಮೊದಲನೇ ಮರದ ಎಲೆ ಎಲ್ಲಾ ಕಿತ್ತು ಒಂದು ಸಾಲು ಮಾಡೂದು. ಎರಡನೇದರದ್ದೂ ಹಾಗೇ. ಆಮೇಲೆ ಸಾಲು ಸಾಲು ಹೋಲಿಸೂದು.”

“ಆತು. ಉತ್ತರ ಸರಿ ಬತ್ತು. ಆದ್ರೆ ಮೊದಲ್ನೇ ಎಲೆಯೇ ಬೇರೆ ಆಗಿದ್ರೆ?” ಸರ್ ಕೇಳಿದರು. “ಎರಡು ಮರ ಬೋಳಿಸಿದ್ದು ಎಂತಕ್ಕೆ?”

ತರಗತಿ ನಕ್ಕಿತು, ನಾನು ಕೂತೆ. ಸರ್ ನಮ್ಮಿಬ್ಬರನ್ನು ಬೋರ್ಡಿನ ಬಳಿ ಕರೆದು, ಒಬ್ಬೊಬ್ಬರಿಗೆ ಒಂದೊಂದು ಮರ ಒಪ್ಪಿಸಿದರು. ನಡುವೆ ನಕ್ಷೆಯ ಸ್ಟ್ಯಾಂಡು ಅಡ್ಡ ಇಟ್ಟರು. ಅವರು ಕೇಳಿದಾಗ ಮಾತ್ರ ಒಂದು ಎಲೆಯ ಹೆಸರು ಹೇಳಬೇಕು, ಹೇಳಿ ನಿಲ್ಲಬೇಕು. ಅವರು ಎರಡನ್ನೂ ತಾಳೆ ನೋಡುತ್ತಾರೆ. ಒಂದೇ ಇದ್ದರೆ ಮುಂದಿನದು ಕೇಳುತ್ತಾರೆ, ಬೇರೆ ಇದ್ದರೆ ಆಟ ಅಲ್ಲಿಗೇ ಮುಗಿಯಿತು. ಎರಡು ಎಲೆ ಸಲೀಸಾಗಿ ಹೋಯಿತು. ಅಷ್ಟರಲ್ಲಿ ಹಿಂದಿನ ಬೆಂಚಿನವರು ಕೂಗಿ ಗೆಳತಿಯ ಗಮನ ತಪ್ಪಿಸಿದರು. ಎಲ್ಲಿದ್ದೆನೆಂಬುದು ಮರೆತು ಅವಳು ಮರದ ಬೇರಿನಿಂದ ಮತ್ತೆ ಇಳಿಯತೊಡಗಿದಳು.

“ಎಲೆ ಕೊಟ್ಟೆ, ಮುಂದಿನ ದಾರಿ ಎಲ್ಲಿಟ್ಟೆ?” ಎಂದರು ಸರ್. ಮತ್ತೆ ನಮ್ಮೆಲ್ಲರ ಕಡೆ ತಿರುಗಿ ತಮ್ಮ ಎಡಗೈ ಬೆರಳು ಎತ್ತಿದರು. “ಕೇಳಿದವರಿಗೆ ಎರಡು ಕೊಡೂದು. ಒಂದು ಎಲೆ. ಇನ್ನೊಂದು, ಅಲ್ಲಿಂದ ಮುಂದೆ ಹೋಪ ದಾರಿ. ದಾರಿಯನ್ನ ಈಗಲೇ ನಡೆಯೂದು ಬ್ಯಾಡ. ಹಿಡ್ಕಂಡಿದ್ರೆ ಸಾಕು. ಯಾರು ಎಷ್ಟೊತ್ತಿಗೆ ಕೇಳಿದ್ರೂ ಅಲ್ಲಿಂದಲೇ ಹೊರಡ್ಲಕ್ಕು.”

ಪುಸ್ತಕದಲ್ಲಿ ಇದಕ್ಕೆ ಕಂಟಿನ್ಯುಯೇಶನ್ ಎಂದು ಹೆಸರು. ಮಾಡಿಮುಗಿಸಬೇಕಾದ ಉಳಿದ ಕೆಲಸವನ್ನೇ ಒಂದು ವಸ್ತುವಿನ ಹಾಗೆ ಕೈಯಲ್ಲಿ ಹಿಡಿದು, ಬೇಕಾದಾಗ ಬಿಚ್ಚುವುದು. ಅದನ್ನು ಓದಿ ತಲೆ ಬಿಸಿ ಮಾಡಿಕೊಂಡಿದ್ದ ನಮಗೆ ಆ ಬೆರಳು ನೋಡಿ ಎಲ್ಲ ತಿಳಿಯಿತು. ಇಷ್ಟು ದಿನ ಜವಾನ ಬಂದಾಗೆಲ್ಲ ಅವರು ಮಾಡುತ್ತಿದ್ದದ್ದು ಅದನ್ನೇ.

ಅದೇ ವರ್ಷ ನಮ್ಮ ಅಕ್ಕನ ಮದುವೆ ಗೊತ್ತಾಯಿತು. ಹುಡುಗ ಭಟ್ಕಳದ ಬಂದರಿನವನು. ಮನೆಯಲ್ಲಿ ಸಂಭ್ರಮ ಶುರುವಾಗುವ ಮೊದಲೇ ಜಗಳ ಶುರುವಾಯಿತು. ಕಾರಣ ನಮ್ಮ ಅಜ್ಜಿ ಮತ್ತು ಅವಳ ತಂಗಿ, ನಮ್ಮ ಸಣ್ಣಜ್ಜಿ. ಇಬ್ಬರೂ ಮದುವೆಯ ಅರಿಶಿನದ ಹಾಡು ಹಾಡುವುದರಲ್ಲಿ ಹೆಸರಾದವರು. ತಾಯಿಯಿಂದ ಒಟ್ಟಿಗೆ ಕಲಿತದ್ದು. ಅಜ್ಜಿ ಮದುವೆಯಾಗಿ ಕಾಸರಕೋಡದಲ್ಲಿ ಉಳಿದಳು, ಸಣ್ಣಜ್ಜಿ ಭಟ್ಕಳಕ್ಕೆ ಹೋದಳು. ನಮ್ಮಲ್ಲಿ ಅರಿಶಿನದ ಹಾಡನ್ನು ಎರಡೂ ಕಡೆಯ ಹೆಂಗಸರು ಕೂಡಿ ಹಾಡಬೇಕು, ಶುರು ಮಾಡಿದ ಮೇಲೆ ಅರ್ಧಕ್ಕೆ ನಿಲ್ಲಿಸಬಾರದು. ನಾನು ಹುಟ್ಟುವ ಮೊದಲು ಯಾರದೋ ಮದುವೆಯಲ್ಲಿ ಅಕ್ಕತಂಗಿ ಕೂಡಿ ಹಾಡುತ್ತಿದ್ದಾಗ, ನಡುವೆ ಅಜ್ಜಿ ಎದ್ದು ನಿಂತು, ‘ಇದು ಅವ್ವಿ ಕಲ್ಸಿದ ಹಾಡಲ್ಲ, ನೀನು ಕೆಡ್ಸಿದ್ದೆ’ ಎಂದುಬಿಟ್ಟಳಂತೆ. ಹಾಡು ಅರ್ಧಕ್ಕೆ ನಿಂತಿತು. ಅಂದಿನಿಂದ ಒಬ್ಬಳು ಹಾಡುವಲ್ಲಿ ಇನ್ನೊಬ್ಬಳು ಕಾಲಿಡುತ್ತಿರಲಿಲ್ಲ.

ಈಗ ಗಂಡಿನ ಕಡೆಯ ಹಾಡಿಗೆ ಸಣ್ಣಜ್ಜಿಯೇ ಮುಂದಾಳು. “ಅವ್ಳು ಬಾಯಿ ತೆಗದ್ರೆ ನಾ ಹಂದರದ ಒಳಗೇ ಬರೂದಿಲ್ಲ” ಎಂದು ಅಜ್ಜಿ ಹೇಳಿದಳು. ಅಕ್ಕ ಅಜ್ಜಿಯ ಮಡಿಲಲ್ಲೇ ಬೆಳೆದವಳು. ಅಜ್ಜಿಯ ಹಾಡಿಲ್ಲದೆ ಅರಿಶಿನ ಹಚ್ಚಿಸಿಕೊಳ್ಳುವುದಿಲ್ಲ ಎಂದು ಅವಳು ಅತ್ತಳು. ಮಾವ ಒಂದು ಉಪಾಯ ಹೂಡಿದ. ಇಬ್ಬರಿಂದಲೂ ಇಡೀ ಹಾಡು ಫೋನಿನಲ್ಲಿ ರೆಕಾರ್ಡ್ ಮಾಡಿಸಿ ತಂದು, ಊರ ಹಿರಿಯರನ್ನು ಕೂರಿಸಿ ಒಂದರ ಹಿಂದೆ ಒಂದು ಕೇಳಿಸಿದ. ಎರಡನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಯಾರಿಗೂ ನೆನಪಿರಲಿಲ್ಲ. ಕೆಲವರು ಬೇರೆ ಎಂದರು, ಕೆಲವರು ಒಂದೇ ಎಂದರು, ಇಬ್ಬರು ನಿದ್ದೆ ಮಾಡಿದ್ದರು. ಜಗಳ ಇನ್ನಷ್ಟು ದೊಡ್ಡದಾಯಿತು.

ನನ್ನ ಮುಖ ನೋಡಿ ಸರ್ ಕಾರಣ ಕೇಳಿದರು. ಎಲ್ಲ ಹೇಳಿದೆ.

“ನಿನ್ನ ಮಾವ ಎರಡು ಮರ ಬೋಳಿಸಿದ” ಎಂದರು. ಬೆರಳು ಎತ್ತಿ ಕೇಳಿದರು: “ಹಾಡಲ್ಲಿ ಎಲೆ ಯಾವ್ದು, ಕೊಂಬೆ ಯಾವ್ದು?”

ಯೋಚಿಸಿ ಹೇಳಿದೆ. ನುಡಿಗಳು ಎಲೆ. ಒಂದಷ್ಟು ನುಡಿ ಆದ ಮೇಲೆ ಹಿಂದೆ ಕೂತವರು ಸೊಲ್ಲು, ಅಂದರೆ ಪಲ್ಲವಿ, ಹೇಳುತ್ತಾರೆ, ಆಗ ಮುಂದಾಳು ಕವಳ ಹಾಕಿಕೊಂಡು ದಮ್ಮು ತೆಗೆದುಕೊಳ್ಳುತ್ತಾಳೆ. ಅಲ್ಲಿ ಕವಲು. ಅಜ್ಜಿ ಬಹಳ ನುಡಿ ಹಾಡಿ ಒಮ್ಮೆ ನಿಲ್ಲುತ್ತಾಳೆ, ಸಣ್ಣಜ್ಜಿ ಮಾತುಮಾತಿಗೆ ನಿಲ್ಲುತ್ತಾಳೆ.

“ಹಂಗಾರೆ ನಿನ್ನ ಪ್ರಾಜೆಕ್ಟ್ ಸಿಕ್ಕಿತು. ಬರೆ” ಎಂದರು.

ಪ್ರೋಗ್ರಾಮ್ ಸಣ್ಣದೇ. ಎರಡು ಕಂಪ್ಯೂಟರಿನಿಂದ ಒಂದೊಂದು ನುಡಿಯ ಮೊದಲ ಸಾಲು ಕೇಳುತ್ತದೆ, ಬಂದ ಎರಡನ್ನು ತಾಳೆ ನೋಡುತ್ತದೆ, ಒಂದೇ ಇದ್ದರೆ ಮಾತ್ರ ಮುಂದಿನದನ್ನು ಕೇಳುತ್ತದೆ. ಎರಡೂ ಕಡೆಯ ಮುಂದಿನ ದಾರಿಯನ್ನು ಹಿಡಿದುಕೊಂಡಿರುತ್ತದೆ. ನನ್ನಿಂದ ಆಗದ ಕೆಲಸವೆಂದರೆ ಅಜ್ಜಿಯರನ್ನು ಒಂದೇ ಕೋಣೆಗೆ ತರುವುದು. ಅದನ್ನು ಸರ್ ಮಾಡಿದರು. ಇಬ್ಬರಿಗೂ ತಾವೇ ಫೋನ್ ಮಾಡಿ, ಮೊಮ್ಮಗಳ ಪ್ರಾಜೆಕ್ಟಿಗೆ ಹಾಡು ಬೇಕು, ಇನ್ನೊಬ್ಬರೂ ಬರುತ್ತಾರೆ, ಯಾರದು ಸರಿ ಎಂದು ತೀರ್ಪು ಕೊಡುವುದಕ್ಕಲ್ಲ ಎಂದು ನೇರವಾಗಿ ಹೇಳಿದರು. ಅಜ್ಜಿ ನನ್ನ ಮಾರ್ಕಿಗಾಗಿ ಒಪ್ಪಿದಳು. ಸಣ್ಣಜ್ಜಿ ಗೆಲ್ಲುವುದಕ್ಕಾಗಿ ಒಪ್ಪಿದಳು.

“ಆದ್ರೆ ನಾ ಅವ್ಳ ಮುಖ ನೋಡೂದಿಲ್ಲ” ಎಂದಳು ಅಜ್ಜಿ.

“ನೋಡೂದು ಬ್ಯಾಡ. ಬೆನ್ನು ಹಾಕಿ ಕೂತ್ಕಳಿ” ಎಂದರು ಸರ್. “ಪ್ರೋಗ್ರಾಮಿಗೂ ಮರದ ಮುಖ ಕಾಣ್ತಿಲ್ಲೆ, ಎಲೆ ಮಾತ್ರ.”

ಭಾನುವಾರ ಬೆಳಗ್ಗೆ ಲ್ಯಾಬಿನ ಬಾಗಿಲಲ್ಲಿ ಇಬ್ಬರ ಚಪ್ಪಲಿಯೂ ದೂರದೂರ ನಿಂತವು. ಒಳಗೆ ಅಕ್ಕ ಬಂದಿದ್ದಳು, ಮಾವ ಬಂದಿದ್ದ, ಎರಡು ಕಡೆಯಿಂದ ಸೊಲ್ಲು ಹೇಳುವ ಹೆಂಗಸರೂ ಬಂದಿದ್ದರು. ಲ್ಯಾಬಿನಲ್ಲಿ ಕವಳ ಹಾಕಬಾರದೆಂದು ಗೋಡೆಯ ಮೇಲೆ ಬರೆದು ಅಂಟಿಸಿದವರು ಸರ್. ಅವರೇ ಅದರ ಕೆಳಗೆ ನಿಂತು ತಮ್ಮ ಸಂಚಿ ಬಿಚ್ಚಿ ಇಬ್ಬರಿಗೂ ಎಲೆ ಅಡಕೆ ಕೊಟ್ಟರು. ಅಜ್ಜಿಯ ಪಕ್ಕದ ಕಂಪ್ಯೂಟರಿನಲ್ಲಿ ನಾನು, ಸಣ್ಣಜ್ಜಿಯ ಪಕ್ಕ ಭಟ್ಕಳದ ಗೆಳತಿ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಪ್ರೋಗ್ರಾಮು ಮೊದಲ ಎಲೆ ಕೇಳಿತು.

ಅಜ್ಜಿ ಮೊದಲ ನುಡಿ ಹಾಡಿದಳು: ಅವ್ವಿ ತೇದ ಅರಿಶಿನ ನೋಡೇ. ನಾನು ಆ ಸಾಲನ್ನು ಕೀಬೋರ್ಡಿನಲ್ಲಿ ಒತ್ತಿದೆ. ಸಣ್ಣಜ್ಜಿಯೂ ಅದನ್ನೇ ಹಾಡಿದಳು. ಪರದೆಯ ಮೇಲೆ ಹಸಿರು ಬಂತು. ಎರಡನೆಯದಕ್ಕೂ ಹಸಿರು, ಅದರ ಮುಂದಿನದಕ್ಕೂ ಹಸಿರು. ಸಣ್ಣಜ್ಜಿ ನಿಂತು ಕವಳ ಹಾಕುವಾಗ ಅವಳ ಕಡೆಯವರು ಸೊಲ್ಲು ಹೇಳಿದರು: ತೆರೆಯೇ ತಡಿಯೇ, ಮಗಳು ಬರ್ತಾಳೆ. ಸೊಲ್ಲನ್ನು ಒತ್ತುವಂತಿಲ್ಲ ಎಂದು ಗೆಳತಿಗೆ ಮೊದಲೇ ಹೇಳಿಕೊಟ್ಟಿದ್ದೆ. ಅಷ್ಟು ಹೊತ್ತೂ ಅಜ್ಜಿ ಅಸಹನೆಯಿಂದ ಕಾಯುತ್ತಿದ್ದಳು. ಸರ್ ಕೋಣೆಯ ನಡುವೆ ಬೆರಳು ಎತ್ತಿ ನಿಂತಿದ್ದರು. ಅಜ್ಜಿ ಆ ಬೆರಳು ನೋಡಿ ತಾನೂ ಒಂದು ಬೆರಳು ಎತ್ತಿಕೊಂಡಳು.

ಹಾಡು ಬೆಳೆಯಿತು. ಅಪ್ಪ ಕೊಟ್ಟ ಬಳೆ ಬಂತು, ಅಣ್ಣ ತಂದ ಸೀರೆ ಬಂತು, ಹೊಳೆ ದಾಟಿಸುವ ದೋಣಿ ಬಂತು, ಎಲ್ಲ ಹಸಿರು. ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಳು. ಅಲ್ಲಿ ಪರದೆ ಕೆಂಪಾಯಿತು.

ಅಜ್ಜಿಗೆ ಓದು ಬಾರದಿದ್ದರೂ ಕೆಂಪು ತಿಳಿಯಿತು. ದಡಕ್ಕನೆ ಎದ್ದಳು. “ಇದೇ ಜಾಗ! ಅಂದೂ ಇದೇ ಜಾಗದಲ್ಲೇ ಕೆಡ್ಸಿದ್ದು! ಮಶಿನ್ನಿಗೂ ಗೊತ್ತಾತು ನೋಡಿ!”

“ಎಂತ ಕೆಡ್ಸಿದ್ದೆ ನಾನು?” ಎಂದು ಸಣ್ಣಜ್ಜಿಯೂ ಎದ್ದಳು. ಅಕ್ಕ ನನ್ನ ಭುಜ ಹಿಡಿದುಕೊಂಡಳು. ಹಾಡು ಎರಡನೇ ಸಲ ಅರ್ಧಕ್ಕೆ ನಿಂತಿತೆಂದರೆ ಇನ್ನು ಈ ಇಬ್ಬರನ್ನು ಯಾರೂ ಕೂಡಿಸಲಾರರು. ನನ್ನ ಪ್ರೋಗ್ರಾಮೇ ಅದಕ್ಕೆ ಕಾರಣ ಎಂದಾಗುತ್ತಿತ್ತು.

ಸರ್ ಮಾತ್ರ ಅಲುಗಲಿಲ್ಲ. ಎತ್ತಿದ ಬೆರಳು ಎತ್ತಿದಂತೆಯೇ ಇತ್ತು. “ಹಾಡು ನಿಂತಿದ್ದಿಲ್ಲೆ” ಎಂದರು, “ಹಿಡ್ಕಂಡಿದ್ದು.” ಪರದೆಯ ಮೇಲೆ ಗೆಳತಿ ಒತ್ತಿದ ಸಾಲು ಓದಿದರು: ‘ತೆರೆಯೇ ತಡಿಯೇ, ಸೊಸೆ ಬರ್ತಾಳೆ’. ಗೆಳತಿಯ ಕಡೆ ನೋಡಿದರು.

“ಸರ್, ಮಾತು ಬದಲಾಯಿತಲ್ಲ. ಹೊಸ ನುಡಿ ಅಂದುಕೊಂಡೆ” ಎಂದಳು ಅವಳು ಸಣ್ಣ ದನಿಯಲ್ಲಿ.

ಸರ್ ಸಣ್ಣಜ್ಜಿಯನ್ನು ಕೇಳಿದರು: “ಇದನ್ನ ಯಾರು ಹೇಳೂದು? ನೀವಾ, ಹಿಂದಿನವರಾ?”

“ಹಿಂದಿನವ್ರು. ನಾ ಕವಳ ಹಾಕೂಕೆ ಹೊತ್ತು ಬೇಕಲ್ಲ” ಎಂದಳು ಸಣ್ಣಜ್ಜಿ. “ಹೊಸ್ತಿಲು ಮುಟ್ಟೂತನಕ ಮಗಳು, ಮುಟ್ಟಿದ ಮೇಲೆ ಸೊಸೆ. ನಾವು ಗಂಡಿನ ಕಡೆಯವ್ರು ಸೊಲ್ಲು ಹಂಗೆ ಹೇಳೂದು.”

“ಹಂಗಾರೆ ಅದು ಕೊಂಬೆ. ಎಲೆ ಎಂತದು? ಅದನ್ನ ಹಾಡಿ.”

ಸಣ್ಣಜ್ಜಿ ಸಿಟ್ಟಿನಿಂದಲೇ ಮುಂದಿನ ನುಡಿ ಎತ್ತಿದಳು: ಹೊಸ್ತಿಲಲಿ ಇಟ್ಟ ದೀಪ ನೋಡೇ. ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ಬಾಯಿ ಬಿಗಿದುಕೊಂಡು ನಿಂತಿದ್ದವಳ ತುಟಿ ತಾನಾಗಿ ಅಲುಗಿತು. ಅವಳು ಆಗಲೇ ಹಾಡಿ ಕೊಟ್ಟಿದ್ದ, ನಾನು ಆಗಲೇ ಒತ್ತಿದ್ದ ನುಡಿ ಅದೇ. ಗೆಳತಿ ತಪ್ಪಿದ ಒಂದು ಸಾಲು ಅಳಿಸಿ ಸರಿಯಾದದ್ದು ಒತ್ತಿದಳು. ಮೊದಲಿನಿಂದ ಏನನ್ನೂ ಮಾಡಬೇಕಾಗಲಿಲ್ಲ. ಎರಡೂ ಕಡೆಯ ದಾರಿ ಅಲ್ಲೇ ಕಾದಿತ್ತು. ಪರದೆ ಹಸಿರಾಯಿತು.

ಅಜ್ಜಿ ನಿಧಾನವಾಗಿ ಕೂತಳು. ಕೂರುವಾಗ ಕುರ್ಚಿಯನ್ನು ತಂಗಿಯ ಕಡೆ ತಿರುಗಿಸಿಕೊಂಡು ಕೂತಳು. ಆಮೇಲೆ ಇಬ್ಬರೂ ಒಂದೊಂದೇ ನುಡಿ ಕೊಡುವುದನ್ನು ಬಿಟ್ಟರು. ಒಟ್ಟಿಗೇ ಹಾಡತೊಡಗಿದರು. ಒಬ್ಬಳು ದಮ್ಮು ತೆಗೆದುಕೊಂಡರೆ ಇನ್ನೊಬ್ಬಳು ಎಳೆದುಕೊಂಡು ಹೋಗುತ್ತಿದ್ದಳು. ನಾನೂ ಗೆಳತಿಯೂ ಒತ್ತುವುದನ್ನು ಬಿಟ್ಟು ಕೇಳುತ್ತ ಕೂತೆವು. ಪ್ರೋಗ್ರಾಮು ಮುಂದಿನ ಎಲೆಗಾಗಿ ಕಾಯುತ್ತಲೇ ಇತ್ತು. ಕೊನೆಯ ನುಡಿ ಮುಗಿದಾಗ ಮಾವ ಸಿಳ್ಳೆ ಹೊಡೆದ, ಅಕ್ಕ ಅಳುತ್ತಲೇ ನಗುತ್ತಿದ್ದಳು. ಸರ್ ಬೆರಳು ಮಡಚಿ, “ಎರಡೂ ಒಂದೇ” ಎಂದರು. ಅಷ್ಟು ಸಂತೋಷ ನಾನು ಯಾವ ಪರೀಕ್ಷೆಯ ಫಲಿತಾಂಶದಲ್ಲೂ ಕಂಡಿಲ್ಲ.

ಮದುವೆಯಲ್ಲಿ ಹೊಸ್ತಿಲಿನ ಜಾಗ ಬಂದಾಗ ನಮ್ಮ ಕಡೆಯವರು ‘ಮಗಳು’ ಎಂದರು, ಅವರ ಕಡೆಯವರು ಇನ್ನೂ ಜೋರಾಗಿ ‘ಸೊಸೆ’ ಎಂದರು, ಅಜ್ಜಿ ಬಾಯಿತುಂಬ ಕವಳ ಇಟ್ಟುಕೊಂಡು ನಕ್ಕಳು. ಸರ್ ಅರ್ಧ ನೆಂದ ಅಂಗಿಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಹಾಡು ಮುಗಿಯುವ ತನಕ ಏಳಲಿಲ್ಲ. ಊಟಕ್ಕೆ ಕರೆದರೆ, “ಈಗಲೇ ಎಂತಕ್ಕೆ?” ಎಂದರು.

ನಾನು ಮುಂದೆ ಓದಿ ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದೆ. ಸ್ಟಾಫ್ ರೂಮಿನಲ್ಲಿ ಸರ್ ಪಕ್ಕದ ಕುರ್ಚಿ ನನ್ನದು. ಕಳೆದ ಮಳೆಗಾಲದಲ್ಲಿ ಒಂದು ದಿನ ಪಾಠದ ನಡುವೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಕರೆದೊಯ್ದರು. ಸಂಜೆ ನೋಡಲು ಹೋದಾಗ ಮಲಗಿದ್ದಲ್ಲೇ ನನ್ನನ್ನು ಹತ್ತಿರ ಕರೆದರು. ಮಾತು ಮೆಲ್ಲಗಾಗಿತ್ತು, ಗೊಂದಲ ಇರಲಿಲ್ಲ.

“ಬೋರ್ಡಿನ ಮೇಲೆ ಎರಡು ಮರ ಬರೆದಿಕ್ಕಿ ಬಂದಿದ್ದೆ. ಮೊದಲ್ನೇ ಎಲೆ ತಾಳೆ ನೋಡಿ ಆತು. ಮುಂದಿಂದು ನೀ ಹೇಳು” ಎಂದರು. ಎಡಗೈಯ ಬೆರಳು ಹೊದಿಕೆಯಿಂದ ಹೊರಗೆ, ಸ್ವಲ್ಪ ಮೇಲಕ್ಕೆ ಎದ್ದಿತ್ತು. ಮಡಚಿರಲಿಲ್ಲ.

ಮರುದಿನ ಬೆಳಗಾಗುವ ಮೊದಲೇ ಅವರು ಹೋದರು. ಕತಗಾಲಕ್ಕೆ ಹೋಗಿ ಕೊನೆಯ ಸಲ ನೋಡಿ ಬಂದೆ. ಕಾಲೇಜಿಗೆ ರಜೆ ಕೊಟ್ಟರು. ರಜೆ ಮುಗಿದ ದಿನ ನನಗೆ ಆ ತರಗತಿಗೆ ಹೋಗುವ ಧೈರ್ಯ ಬರಲಿಲ್ಲ, ಇನ್ನೊಂದು ದಿನ ರಜೆ ಹಾಕುತ್ತೇನೆಂದು ಮನೆಯಲ್ಲಿ ಹೇಳಿದೆ. ಅಜ್ಜಿ ಕವಳ ಕುಟ್ಟುತ್ತಿದ್ದವಳು ಕುಟ್ಟುವುದನ್ನು ನಿಲ್ಲಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

“ಅವ್ರು ಶುರು ಮಾಡಿದ್ದಲ್ದಾ? ಅರ್ಧಕ್ಕೆ ಬಿಡೂಕಾಗೂದಿಲ್ಲ. ಹೋಗು.”

ಹೋದೆ. ಬೋರ್ಡಿನ ಮೇಲೆ ಎರಡು ಮರ ಹಾಗೇ ಇದ್ದವು. ಆ ದಿನಗಳಲ್ಲಿ ಅಳಿಸುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಎರಡರಲ್ಲೂ ಎಡತುದಿಯ ಎಲೆಗೆ ಸುತ್ತು ಹಾಕಿತ್ತು. ಕೆಳಗೆ ಅವರ ಅಕ್ಷರದಲ್ಲಿ ‘ಒಂದೇ’ ಎಂದಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಮೊದಲಿಂದ ಹೇಳಿಕೊಡ್ತೀರಾ?” ಎಂದು ಕೇಳಿದಳು.

“ಇಲ್ಲ. ಮೊದಲಿನದು ಅವರು ಹೇಳಿ ಆಗಿದೆ” ಎಂದೆ. ದನಿ ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿತ್ತು. ಸೀಮೆಸುಣ್ಣ ತೆಗೆದುಕೊಂಡು ಎರಡನೇ ಎಲೆಯಿಂದ ಶುರು ಮಾಡಿದೆ.